ಹಳದಿ ಯಾರದು

ಗಂಡನನ್ನು ಕಳಿಸಿಕೊಟ್ಟು, ಆಮೇಲೆ ಬಂದ ನೆಂಟರನ್ನೂ ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟ ನಂತರದ ಮೊದಲ ಸಾಮಾನ್ಯ ಬೆಳಿಗ್ಗೆ ಅವಳು ಮಾಡಿದ ಮೊದಲ ಕೆಲಸವೆಂದರೆ ಕಿಟಕಿಯ ಹಲಗೆ ಒರೆಸಿದ್ದು. ಸಾವಾದ ಮನೆಯಲ್ಲಿ ಹೆಂಡತಿಯಾದವಳು ಬಟ್ಟೆ ಹಿಡಿದು ಒರೆಸುತ್ತ ನಿಂತರೆ ನೋಡಿದವರು ಏನೆಂದಾರು ಎಂದು ಇಷ್ಟು ದಿನ ಯಾರೂ ಅವಳನ್ನು ಒರೆಸಲು ಬಿಟ್ಟಿರಲಿಲ್ಲ. ಹಲಗೆಯ ಮೇಲೆ ಧೂಳು ಕಪ್ಪಗೆ, ಸ್ವಲ್ಪ ಜಿಡ್ಡಾಗಿ ಕೂತಿತ್ತು. ಮಾತಾಡಿಸಿಕೊಂಡು ಹೋಗಲು ಬಂದ ಯಾರೋ ಊರಿದ್ದ ಅಂಗೈ ಅದರಲ್ಲಿ ಬೆರಳುಗಳ ಸಮೇತ ಉಳಿದಿತ್ತು. ಯಾರದಿರಬಹುದೆಂದು ಅವಳು ತನ್ನ ಕೈಯನ್ನು ಅದರ ಮೇಲಿಟ್ಟು ನೋಡಿದಳು. ಸಣ್ಣ ಕೈ, ಹೆಂಗಸಿನದು. ಬಂದವರಲ್ಲಿ ಕಿಟಕಿಯ ತನಕ ಹೋಗಿ, ಕೈಯೂರಿ, ಅವನು ಮಲಗುತ್ತಿದ್ದ ದಿವಾನವನ್ನು ನೋಡುತ್ತ ನಿಲ್ಲುವಷ್ಟು ಸಲಿಗೆ ಯಾರಿಗಿತ್ತು? ಕೆಳಗೆ ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳೆಲ್ಲ ಒಟ್ಟಿಗೆ ಗುರ್ರೆಂದವು. ದೀಪ ಬದಲಾದದ್ದನ್ನು ತಿಳಿಯಲು ಅವಳಿಗೆ ಕಿಟಕಿಯ ಹೊರಗೆ ನೋಡಬೇಕಾಗಿಯೇ ಇರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಈ ಕಿಟಕಿಯ ಮುಂದಿನ ಮೇಜಿನಲ್ಲೇ ಕೂತು ಶಾಲಾ ಪುಸ್ತಕಗಳ ಕರಡು ತಿದ್ದುತ್ತ ಬಂದವಳು. ಧೂಳಿನ ಅಡಿಯ ಪದರ ಅವನು ಇದ್ದಾಗಿನದು, ಮೇಲಿನದು ಇಲ್ಲದಾಗಿನದು ಎಂದು ತೋರಿ, ಬಟ್ಟೆಯನ್ನು ಒಂದೇ ಸಲ ಒತ್ತಿ ಎಳೆದುಬಿಟ್ಟಳು. ಗಂಟಲು ಕಟ್ಟಿತು. ಎಂದಿನಂತೆ ಕೆಮ್ಮಿ ಸರಿಮಾಡಿಕೊಂಡಳು.

"ಯಾರದು ಕೆಮ್ಮಿದ್ದು?" ಒಳಕೋಣೆಯಿಂದ ಅತ್ತೆ ಕೂಗಿದರು.

"ನಾನೇ ಅತ್ತೆ."

"ಅವನ ಥರಾನೇ ಕೇಳಿಸ್ತು ನೋಡು. ಎದೆ ಧಸಕ್ ಅಂತು." ಸ್ವಲ್ಪ ಹೊತ್ತು ಬಿಟ್ಟು, "ಅವನು ಕೆಮ್ಮಿದ್ರೆ ನೀನು ಹೊರಗೆ ಮಲಕ್ಕೋ ಅಂದೆ. ನೀನು ಕೆಮ್ಮಿದ್ರೆ ಹಾಗೆ ಯಾರು ಅಂತಾರೆ!"

ಹೋದ ವರ್ಷ ಅವಳೇ ಅವನನ್ನು ಹೊರಗಿನ ದಿವಾನಕ್ಕೆ ಕಳಿಸಿದ್ದಳು. ನಿದ್ದೆಯಿಲ್ಲದೆ ಕರಡಿನಲ್ಲಿ ತಪ್ಪು ಉಳಿಯುತ್ತಿದೆ ಎಂದು ಮಾತಿನಲ್ಲಿ ಹೇಳಿದ್ದಳು. ನಿಜವೆಂದರೆ ಅವನ ಕೆಮ್ಮಿನಲ್ಲಿ ಅವಳಿಗೆ ನಂಬಿಕೆಯೇ ಇರಲಿಲ್ಲ. ಮಾತು ಬೇಡವಾದಾಗ ಬರುವ ಕೆಮ್ಮು ಅದು ಎಂದುಕೊಂಡಿದ್ದಳು. ಮೊದಮೊದಲು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದವನು ಬರಬರುತ್ತ ಅರ್ಧ ನಕ್ಕು ನಿಲ್ಲಿಸಿಬಿಡುತ್ತಿದ್ದ. ಜಗಳದ ನಡುವೆ, ಗೆಲ್ಲುವ ಹಂತದಲ್ಲಿ, "ಆಯ್ತು ಬಿಡು, ನೀನು ಹೇಳಿದ್ದೇ ಸರಿ" ಎಂದು ಎದ್ದುಹೋಗುತ್ತಿದ್ದ. ಸೋಲುವುದರಲ್ಲಿ ಅಷ್ಟು ಆತುರ ತೋರಿಸುವ ಗಂಡನನ್ನು ಯಾವ ಹೆಂಡತಿ ನಂಬುತ್ತಾಳೆ? ಸಂತೆಯಿಂದ ಬರುವಾಗ ಮೆಟ್ಟಿಲ ಬುಡದಲ್ಲಿ ಫೋನು ಕೈಗೆತ್ತಿಕೊಂಡು, "ನೀನು ನಡಿ, ಒಂದು ಕಾಲ್ ಮಾಡಿ ಬರ್ತೀನಿ" ಎನ್ನುತ್ತಿದ್ದ. ಅವಳು ಚೀಲ ಹೊತ್ತು ಮೇಲೆ ಹೋಗಿ ಬಾಗಿಲಲ್ಲಿ ಕಿವಿಗೊಟ್ಟರೆ ಕೆಳಗಿನಿಂದ ಮಾತೇ ಕೇಳಿಸುತ್ತಿರಲಿಲ್ಲ. ಪಿಸುಮಾತಿನ ಕಾಲ್ ಎಂದುಕೊಂಡಿದ್ದಳು.

ಆಗಲೇ ಅವನ ಫೋನು ಹೊಡೆದುಕೊಂಡಿತು. ಅದನ್ನು ಆರಿಸಲು ಮನಸ್ಸಾಗದೆ ದಿನಾ ಚಾರ್ಜಿಗೆ ಹಾಕುತ್ತಿದ್ದವಳು ಅವಳೇ. ಪರದೆಯ ಮೇಲೆ 'ಊದಕ್ಕ' ಎಂದಿತ್ತು. ಅವನು ಎಲ್ಲರಿಗೂ ಅಡ್ಡಹೆಸರು ಇಡುತ್ತಿರಲಿಲ್ಲ, ಹತ್ತಿರದವರಿಗೆ ಮಾತ್ರ. ಅವಳು ಕಿವಿಗಿಟ್ಟುಕೊಂಡಳು, ಮಾತಾಡಲಿಲ್ಲ.

"ಏನ್ ಸಾಹೇಬ್ರೇ, ಆಸಾಮಿ ಪತ್ತೆನೇ ಇಲ್ಲ! ನನ್ನಿಂದ ತಗೊಂಡಿದ್ದನ್ನ ವಾಪಸ್ ಕೊಡೋ ಯೋಚನೆ ಉಂಟೋ, ಇಲ್ಲ ನುಂಗಿ ನೀರು ಕುಡಿದ್ರೋ?" ಹೆಂಗಸಿನ ದನಿ, ಸಲಿಗೆಯದು. "ಮನೇಲಿ ಹೇಳಿದ್ರಾ? ಇಲ್ಲ ಇನ್ನೂ ಧೈರ್ಯ ಬಂದಿಲ್ವಾ? ಹಲೋ? ನಾನು ಸಂಜೆವರೆಗೂ ಇಲ್ಲೇ ಕ್ಲಿನಿಕ್ಕಲ್ಲಿರ್ತೀನಿ. ಹಲೋ?"

ಅವಳು ಕರೆ ಕತ್ತರಿಸಿದಳು. ಅವಳಿಗೆ ತನ್ನ ಬಗ್ಗೆಯೇ ಆಶ್ಚರ್ಯವಾಯಿತು. ಸಾವಿನ ದಿನದಿಂದ ಮರಗಟ್ಟಿದ್ದ ಮೈ ಈಗ ಚುರುಕಾಗಿತ್ತು, ಹಸಿವು ಕೂಡ ಆದಂತಿತ್ತು. ಬಾಗಿಲ ಹಿಂದೆ ತೂಗುಹಾಕಿದ್ದ ಅವನ ಹೆಲ್ಮೆಟ್ಟಿನ ಚೀಲವನ್ನು ಯಾರೂ ಮುಟ್ಟಿರಲಿಲ್ಲ; ಆ ಹೆಂಗಸಿನಿಂದ ತಂದದ್ದೇನೆಂದು ಹುಡುಕುತ್ತ ಅದಕ್ಕೆ ಕೈಹಾಕಿದಳು. ಅದರ ತಳದಲ್ಲಿ, ಮಸಿ ಹಿಡಿದ ಬಟ್ಟೆಯ ಮುಖಗವಸಿನೊಳಗೆ ಸುತ್ತಿಟ್ಟ ಒಂದು ಪ್ಲಾಸ್ಟಿಕ್ ಕೊಳವೆ ಇತ್ತು. ಒಂದು ಗೇಣುದ್ದ, ಒಂದು ತುದಿಯಲ್ಲಿ ಬಾಯಿಗಿಡುವ ಮೂತಿ, ಮೈಮೇಲೆ ಸರಿಯುವ ಸಣ್ಣ ಕೆಂಪು ಮುಳ್ಳು. ಮುಳ್ಳಿನ ಎರಡು ಬದಿಗೂ ಬಣ್ಣದ ಪಟ್ಟಿ ಅಂಟಿಸಿತ್ತು: ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ಎಡದ ಪಟ್ಟಿಗೂ ಬಲದ ಪಟ್ಟಿಗೂ ಬಣ್ಣ ಬದಲಾಗುವ ಜಾಗ ಬೇರೆ ಬೇರೆ. ಒಂದೇ ಕೊಳವೆಗೆ ಎರಡು ಪಟ್ಟಿ ಯಾಕೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಕೊಳವೆಯ ಪರಿಚಯ ಮಾತ್ರ ಅವಳಿಗಿತ್ತು. ಒಂದು ರಜೆಯ ಮಧ್ಯಾಹ್ನ ಅವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದು, "ಎಲ್ಲಿ, ಊದು ನೋಡೋಣ, ನಿನ್ನ ಎಂ.ಎ. ಗಾಳಿ ಎಷ್ಟಿದೆ ಅಂತ" ಎಂದಿದ್ದ. ಕರಡಿನಿಂದ ತಲೆಯೆತ್ತದೆ ಅವಳು ಊದಿದ್ದಳು. ಮುಳ್ಳನ್ನು ನೋಡುವ ಮೊದಲೇ ಅವನು ಕೊಳವೆಯನ್ನು ಕಿತ್ತುಕೊಂಡು ಬೆಳಕಿಗೆ ತಿರುಗಿದ್ದ. "ಎಷ್ಟು?" "ಪಾಸ್." "ನಿಂದು?" "ನಂದೂ ಪಾಸ್. ಗಂಡ ಹೆಂಡ್ತಿ ಇಬ್ರೂ ಪಾಸ್." ಆಮೇಲೆ ಅದೊಂದು ಆಟವಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಮೂಗಿನ ಮುಂದೆ ಹಿಡಿಯುತ್ತಿದ್ದ. ಬೇಸರದಿಂದಲೇ ಊದುತ್ತಿದ್ದಳು, ಗಾಡಿಗಳ ಹೊಗೆ ತಪಾಸಣೆ ಮಾಡುವವನನ್ನು ಕಟ್ಟಿಕೊಂಡರೆ ಹೆಂಡತಿಯ ಬಾಯಿಗೂ ಪೈಪು ಬರುತ್ತದೆ ಎಂದು ಒಮ್ಮೆ ರೇಗಿದ್ದಳು. ಅವನು ನಕ್ಕಿದ್ದ. ಅರ್ಧ.

ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಆ ಪೀಪಿ ಸಿಕ್ತಾ? ನಂಗೂ ಊದಿಸಿದ್ದ ಕಣೆ. ಊದಿದ ರಭಸಕ್ಕೆ ಹಲ್ಲಿನ ಸೆಟ್ಟೇ ಹಾರಿ ಬಿತ್ತು. 'ಅಮ್ಮ, ನಿನ್ನ ಉಸಿರಿಗಿಂತ ಹಲ್ಲೇ ಮುಂದೆ' ಅಂದ ಮುಂಡೇದು." ನಗುತ್ತ ಹೋಗಿ ಅತ್ತೆಯ ಬಾಯಿ ಸೊಟ್ಟಗಾಯಿತು. "ಯಾರ ಹತ್ರ ಇಸ್ಕೊಂಡು ತಂದಿದ್ನೋ ಏನೋ, ಕೊಟ್ಟುಬಿಡು. ಸತ್ತವನ ಮೇಲೆ ಇನ್ನೊಬ್ಬರ ವಸ್ತು ಇರಬಾರ್ದು."

"ಯಾರದು ಅಂತ ನಿಮಗೆ ಗೊತ್ತಾ?"

"ನಂಗೇನು ಗೊತ್ತು? ಅವನು ನಿನ್ನ ಗಂಡ." ಅತ್ತೆ ಆ ಮಾತನ್ನು ಹೇಳುವ ರೀತಿಯಲ್ಲಿ ಯಾವಾಗಲೂ ಒಂದು ದೂರು ಇರುತ್ತಿತ್ತು.

ಮೆಟ್ಟಿಲಿಳಿಯುವುದು ಸುಲಭವಾಗಿತ್ತು. ಬೀದಿಗೆ ಬಂದಮೇಲೆ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂದೂ, ಯಾರೂ ನೋಡುತ್ತಿಲ್ಲವೆಂದೂ ಒಟ್ಟಿಗೇ ಅನ್ನಿಸಿತು. ಅವನ ತಪಾಸಣೆಯ ಗೂಡು ಪೆಟ್ರೋಲ್ ಬಂಕಿನ ಪಕ್ಕ, ತಗಡಿನ ಮಾಡು ಹಾಕಿದ್ದು, ಮೂರು ಕಡೆ ಗೋಡೆ. ಮುಂಭಾಗ ರಸ್ತೆಗೆ ಬಾಯಿ ತೆರೆದುಕೊಂಡಿತ್ತು. ಗಾಡಿಗಳು ಹಿಮ್ಮುಖವಾಗಿ ಒಳಬಂದು ಹೊಗೆಕೊಳವೆಯನ್ನು ಗೂಡಿನೊಳಕ್ಕೆ ಚಾಚಿ ನಿಲ್ಲುತ್ತಿದ್ದವು. ಅಲ್ಲೇ, ಒಂದು ವ್ಯಾನಿನ ಹಿಂದೆ ಬಗ್ಗಿದವನು ಮೇಲೇಳಲಿಲ್ಲ. ಹೃದಯ ಎಂದರು ಆಸ್ಪತ್ರೆಯಲ್ಲಿ. ಅವಳು ಆ ಮಾತನ್ನು ಒಪ್ಪಿಯೂ ಇರಲಿಲ್ಲ, ಅಲ್ಲವೆನ್ನಲು ಕಾರಣವೂ ಇರಲಿಲ್ಲ. ಅವನ ಜೊತೆ ಕೆಲಸ ಮಾಡುತ್ತಿದ್ದ ಮೀಸೆ ಎನ್ನುವವನು, ಎಲ್ಲರೂ ಹಾಗೆ ಕರೆಯುತ್ತಿದ್ದದ್ದು ಒಮ್ಮೆ ಇದ್ದು ಈಗ ಇಲ್ಲದ ಮೀಸೆಯಿಂದಾಗಿ, ಅವಳನ್ನು ಕಂಡು ಕುರ್ಚಿಯನ್ನು ಒರೆಸಿದ. ಒರೆಸಿದ ಬಟ್ಟೆ ಕುರ್ಚಿಗಿಂತ ಕಪ್ಪಾಗಿತ್ತು.

"ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ ಅತ್ತಿಗೆ. ಅಣ್ಣನ ಫ್ಲಾಸ್ಕು, ಟೋಪಿ ಎಲ್ಲ ಎತ್ತಿಟ್ಟಿದೀನಿ. ಸ್ಕೂಟರೂ ಇಲ್ಲೇ ಇದೆ."

ಅವಳು ಕೊಳವೆಯನ್ನು ತೋರಿಸಿದಳು. ಮೀಸೆ ಅದನ್ನು ನೋಡಿದ, ರಸ್ತೆಯನ್ನು ನೋಡಿದ. "ಓ, ಇದಾ."

"ಇದೇನು?"

"ಎದೇಲಿ ದಮ್ಮು ಎಷ್ಟಿದೆ ಅಂತ ಅಳೆಯೋದು. ಕಂಪನಿಯೋರು ವರ್ಷಕ್ಕೊಂದ್ಸಲ ಇಂಥದ್ರಲ್ಲೇ ಊದಿಸ್ತಾರೆ. ಹಸಿರು ಬಂದ್ರೆ ಕೆಲಸ. ಹಳದಿ ಬಂದ್ರೆ ಮನೇಲಿರಪ್ಪ ರಾಜ, ರೆಸ್ಟ್ ತಗೋ ಅಂತಾರೆ. ಸಂಬಳಕ್ಕೂ ರೆಸ್ಟು." ಮೀಸೆ ನಗಲು ಹೋಗಿ ಕೆಮ್ಮಿದ. "ಅಣ್ಣಂಗೆ ಈ ಸಲ ಹಸಿರು ಹಳದಿ ಗಡೀಲಿ ಬಂತಂತೆ. ಕ್ಲಿನಿಕ್ ಅಕ್ಕ ಒಳ್ಳೇವ್ರು, ಕಂಪನಿಗೆ ಬರಿಯೋಕೆ ಮುಂಚೆ ಮನೇಲಿ ಊದಿ ನೋಡಿ ಅಂತ ಇದನ್ನ ಕೊಟ್ರು. ದಿನಾ ಊದಿ ಬಣ್ಣ ಹೇಳಬೇಕು."

"ಹಸಿರೇ ಬಂತಾ ಅವರಿಗೆ?"

"ಕೆಲಸ ಉಳೀತಲ್ಲ ಅತ್ತಿಗೆ. ಬಂದೇ ಇರ್ಬೇಕು." ಅವನ ಕಣ್ಣು ತಪ್ಪಿಸಿಕೊಂಡದ್ದನ್ನು ಅವಳು ಹಿಡಿದಳು.

ಅಷ್ಟರಲ್ಲಿ ಹಳೆಯ ಸರಕಿನ ಗಾಡಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಚಾಲಕ ಇಳಿದು, "ಏನಾದ್ರೂ ಮಾಡಪ್ಪ, ಮಕ್ಕಳೊಂದಿಗ" ಎಂದು ಹಲ್ಲು ಕಿರಿದ. ಎಂಜಿನ್ನು ಏರಿಸಿದಾಗ ಬಂದ ಹೊಗೆಗೆ ಅವಳ ಬಾಯಿ ಕಹಿಯಾಯಿತು. ಮೀಸೆ ಅವಳ ಕಡೆ ಒಮ್ಮೆ ನೋಡಿ, ಮುಚ್ಚುಮರೆ ಮಾಡಿ ಪ್ರಯೋಜನವಿಲ್ಲ ಎನ್ನುವಂತೆ, ಯಂತ್ರದ ಉದ್ದನೆಯ ನಳಿಕೆಯನ್ನು ಆ ಗಾಡಿಯಿಂದ ತೆಗೆದು ಗೂಡಿನ ಮೂಲೆಯಲ್ಲಿ ನಿಂತಿದ್ದ ಅವಳ ಗಂಡನ ಸ್ಕೂಟರಿನ ಹೊಗೆಕೊಳವೆಗೆ ತೂರಿಸಿದ. ಸ್ಕೂಟರು ಮೆಲ್ಲಗೆ ಉಸಿರಾಡಿತು. ಯಂತ್ರ ಒಪ್ಪಿಕೊಂಡಿತು. ಸರಕಿನ ಗಾಡಿ ಪಾಸಾಯಿತು.

"ಬಡಪಾಯಿಗಳು ಅತ್ತಿಗೆ. ಫೇಲ್ ಮಾಡಿದ್ರೆ ಅವತ್ತಿನ ಗಂಜಿಗೇ ಕಲ್ಲು. ಅಣ್ಣಾನೇ ಕಲಿಸಿಕೊಟ್ಟಿದ್ದು. ಸ್ಕೂಟರ್‌ನ ಹೆಂಡ್ತಿ ಥರ ನೋಡ್ಕೊಂಡಿದ್ದ. ಈ ಏರಿಯಾದ ಅರ್ಧ ಗಾಡಿ ಪಾಸಾಗಿರೋದು ಅದರ ಉಸಿರಲ್ಲೇ." ಹೇಳಿದ ಮೇಲೆ ಮೀಸೆಗೆ ತಾನು ಏನೋ ಹೇಳಬಾರದ್ದು ಹೇಳಿದೆ ಅನ್ನಿಸಿರಬೇಕು. ಫ್ಲಾಸ್ಕನ್ನು ಅವಳ ಕೈಗೆ ತುರುಕಿ, ಕೇಳಿದ್ದಕ್ಕೆ ಕ್ಲಿನಿಕ್ಕಿನ ದಾರಿ ಹೇಳಿದ.

ಕ್ಲಿನಿಕ್ಕಿನ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಹಾಗಾದರೆ ನಾನು ಅವನ ಸ್ಕೂಟರು. ಬೆಳಿಗ್ಗೆ ಸಂಜೆ ಮುಖದ ಮುಂದೆ ಹಿಡಿದು ಊದಿಸಿಕೊಂಡು ಹೋಗಿ, ತನ್ನ ಹಳದಿಯ ಜಾಗದಲ್ಲಿ ಅವಳ ಹಸಿರನ್ನು ಹೇಳಿದ್ದಾನೆ. ಅವಳಿಗೆ ಸಿಟ್ಟು ಬಂದದ್ದು ಮೋಸಕ್ಕಲ್ಲ. ಕೇಳಿದ್ದರೆ ಕೊಡುತ್ತಿದ್ದಳು. ಉಸಿರೇನು ಮಹಾ, ಒಂದು ಊದುವುದೇನು ಮಹಾ. ಆದರೆ ಕೇಳಬೇಕಾದರೆ ತನಗೆ ಹಳದಿ ಎಂದು ಹೇಳಬೇಕಾಗುತ್ತಿತ್ತು. ಹಾಗೆ ಹೇಳಿದ್ದರೆ ಅವಳು ಅವನನ್ನು ಆ ಕಿಟಕಿಯ ಪಕ್ಕದ ದಿವಾನದಿಂದ ಒಳಗೆ ಕರೆಯಬೇಕಾಗುತ್ತಿತ್ತು. ಅರ್ಧ ನಗು, ಅರ್ಧ ಜಗಳ, ಮೆಟ್ಟಿಲ ಬುಡದ ಫೋನು, ಎಲ್ಲವೂ ಈಗ ಒಂದೊಂದಾಗಿ ತಮ್ಮ ಅರ್ಥ ಬದಲಿಸಿಕೊಳ್ಳುತ್ತಿದ್ದವು. ಆ ಕಾಲ್‌ಗಳಲ್ಲಿ ಆಚೆ ಕಡೆ ಯಾರೂ ಇರಲಿಲ್ಲ. ಅವನು ಸುಮ್ಮನೆ ಫೋನನ್ನು ಕಿವಿಗಿಟ್ಟುಕೊಂಡು, ಮೇಲೆ ಹತ್ತಲು ಬೇಕಾದಷ್ಟು ಗಾಳಿ ಕೂಡಿಸಿಕೊಳ್ಳುತ್ತಿದ್ದ. ಮೇಲಿನ ಬಾಗಿಲಲ್ಲಿ ಕಳ್ಳಗಿವಿಗೊಟ್ಟು ನಿಂತಿದ್ದವಳೂ ಆಗ ಏದುಸಿರು ಬಿಡುತ್ತಿದ್ದಳಲ್ಲ, ಅದು ಚೀಲದ ಭಾರಕ್ಕೆ. ಚೀಲದ ಭಾರಕ್ಕೇ, ಎಂದು ಅವಳು ಇನ್ನೊಮ್ಮೆ ಹೇಳಿಕೊಂಡಳು.

ಕ್ಲಿನಿಕ್ಕು ಒಂದು ಔಷಧದ ಅಂಗಡಿಯ ಮೇಲಿತ್ತು. ಮೆಟ್ಟಿಲಿನ ನಡುವಿನ ತಿರುವಿನಲ್ಲಿ ಅವಳು ನಿಂತು ತನ್ನ ಫೋನನ್ನು ತೆಗೆದು ನೋಡಿದಳು. ಯಾವ ಸಂದೇಶವೂ ಇರಲಿಲ್ಲ. ಹತ್ತುತ್ತಿದ್ದ ಮುದುಕನೊಬ್ಬ ಅವಳನ್ನು ದಾಟಿ ಮುಂದೆ ಹೋದ. ನಾಚಿಕೆಯಾಗಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಊದಕ್ಕ ಎಂದರೆ ಅವಳು ದಾರಿಯಲ್ಲಿ ಮನಸ್ಸಿನಲ್ಲೇ ಚಿತ್ರಿಸಿಕೊಂಡು ಬಂದಂಥವಳಲ್ಲ. ಐವತ್ತು ದಾಟಿದ ಹೆಂಗಸು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ದಿನವಿಡೀ ಜನರಿಗೆ "ಊದಿ, ಊದಿ, ಇನ್ನೂ ಊದಿ" ಎಂದು ಕೂಗಿ ಕೂಗಿ ಒಡೆದ ಗಂಟಲು. ಇಂಥವಳ ಮೇಲೆ ಅಸೂಯೆ ಪಟ್ಟೆನಲ್ಲ ಎಂಬ ಅವಮಾನಕ್ಕೆ ಅವಳು ಬಾಗಿಲಲ್ಲೇ ಬಿರುಸಾಗಿ, "ಬೆಳಿಗ್ಗೆ ಫೋನ್ ಎತ್ತಿದ್ದು ನಾನು. ಅವರು ಹೋಗಿಬಿಟ್ರು" ಎಂದಳು.

"ಎಲ್ಲಿಗೆ?" ಎಂದ ಹೆಂಗಸು ಅವಳ ಮುಖ ನೋಡಿ ಕುರ್ಚಿಯ ಕೈ ಹಿಡಿದುಕೊಂಡಳು. "ಅಯ್ಯೋ. ನಾನು ಬೆಳಿಗ್ಗೆ ಏನೇನೋ ಅಂದೆ. ಬನ್ನಿ, ಕೂತ್ಕೊಳ್ಳಿ. ಯಾವಾಗ? ಎದೆನಾ?"

"ಹೃದಯ ಅಂದ್ರು." ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಳು. "ಮನೇಲಿ ಏನು ಹೇಳಬೇಕಿತ್ತು ಅವರು? ಧೈರ್ಯ ಬಂತಾ ಅಂತ ಕೇಳಿದ್ರಲ್ಲ."

ಊದಕ್ಕ ಕನ್ನಡಕ ಏರಿಸಿಕೊಂಡಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿರುವುದು ಕಾಣುತ್ತಿತ್ತು. "ನಿಮ್ಮ ವಿಷಯ."

"ನನ್ನ ಏನು?"

"ಅವರು ಪ್ರತಿ ವಾರ ಫೋನ್ ಮಾಡೋರು. 'ನಂದು ಹಸಿರು ಸಿಸ್ಟರ್. ನಮ್ಮ ಮನೆಯವಳದ್ದು ಹಳದಿ ಬರ್ತಿದೆ, ಅದೂ ಕೆಳಗಿನ ಹಳದಿ. ಅವಳಿಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಓದಿದವಳು, ಹೇಳಿದ್ರೆ ಪುಸ್ತಕ ತಗೊಂಡು ಕೂತ್ಬಿಡ್ತಾಳೆ' ಅಂತ. ಕರ್ಕೊಂಡು ಬನ್ನಿ ಅಂತ ನಾನು ಹೇಳಿ ಹೇಳಿ ಸಾಕಾಯ್ತು. ಈ ಎರಡನೇ ಪಟ್ಟಿ ಇದೆಯಲ್ಲ, ನಾನೇ ಅಂಟಿಸಿಕೊಟ್ಟಿದ್ದು ನಿಮಗೆ ಅಂತ. ಎತ್ತರ ನೋಡಿ ಬಣ್ಣದ ಜಾಗ ಗುರುತು ಮಾಡ್ಬೇಕು; ನಿಮ್ಮ ಎತ್ತರ ಎಷ್ಟು ಅಂದ್ರೆ, 'ನನ್ನ ಭುಜದವರೆಗೆ ಬರ್ತಾಳೆ' ಅಂದ್ರು. ಭುಜ ಅಳೆದು ಲೆಕ್ಕ ಹಾಕಿದೆ."

ಕೋಣೆಯ ಕಿಟಕಿ ಮುಚ್ಚಿತ್ತು. ಆದರೂ ಕೆಳಗಿನ ರಸ್ತೆ ಗಾಜಿಗೆ ಒರಗಿಕೊಂಡು ಗುಂಯ್ಗುಡುತ್ತಿತ್ತು. ಅವನ ಭುಜಕ್ಕೆ ತನ್ನ ತಲೆ ತಾಗುತ್ತಿದ್ದ ಜಾಗ ಅವಳಿಗೆ ನೆನಪಾಗಲಿಲ್ಲ. ನೆನಪಾಗದೆ ಹೋದದ್ದಕ್ಕೆ ಗಾಬರಿಯಾಯಿತು. ಮತ್ತೆ ಅನುಮಾನವೇ ಕೈ ಹಿಡಿಯಿತು. "ನೀವು ನಂಬಿದ್ರಾ?"

"ನಿಜ ಹೇಳ್ಲಾ? ನಂಬಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಗಂಡಸರು ತಮ್ಮ ಕಾಯಿಲೇನ ಹೆಂಡ್ತಿ ತಲೆಗೆ ಕಟ್ಟಿ ನನ್ನ ಹತ್ರ ಸಲಹೆ ಕೇಳ್ತಾರೆ, ದಿನಾ ನೋಡ್ತೀನಿ. ಹಸಿರು ನಿಮ್ಮದು, ಹಳದಿ ಅವರದು, ಅದಲು ಬದಲು ಮಾಡಿ ಹೇಳ್ತಿದಾರೆ ಅಂತಾನೇ ಇತ್ತು ನನ್ನ ಮನಸ್ಸಲ್ಲಿ. ಅದಕ್ಕೇ ನಿಮ್ಮನ್ನ ಕರ್ಕೊಂಡು ಬನ್ನಿ ಅಂತ ಒತ್ತಾಯ ಮಾಡಿದ್ದು. ಎದುರಿಗೆ ಊದಿದ್ರೆ ಗೊತ್ತಾಗುತ್ತಲ್ಲ." ಊದಕ್ಕ ಕೈ ಚಾಚಿದಳು. "ಕೊಡಿ. ಮೂತಿ ತೊಳೆದು ಕೊಡ್ತೀನಿ, ಒಂದ್ಸಲ ಊದಿಬಿಡಿ."

ಅಂದರೆ ಈಗ ಒಂದು ಉಸಿರಿನಲ್ಲಿ ಇದು ತೀರ್ಮಾನವಾಗುತ್ತದೆ. ಅವಳು ಎದ್ದು ನಿಂತಳು. ಮುಳ್ಳು ಹಸಿರಿಗೆ ಹೋದರೆ ಅವಳಿಗೆ ಏನೂ ಇಲ್ಲ, ಚೆನ್ನಾಗಿದ್ದಾಳೆ, ಕಿಟಕಿಯ ಮುಂದೆ ಕೂತು ಇನ್ನೂ ಎಷ್ಟೋ ಕರಡು ತಿದ್ದಬಹುದು. ಆದರೆ ಅವನು ಸುಳ್ಳನಾಗುತ್ತಾನೆ. ತನ್ನ ರೋಗವನ್ನು ಅವಳ ಹೆಸರಿಗೆ ಬರೆಸಿ, ಅವಳ ಉಸಿರನ್ನು ಕದ್ದು, ಒಬ್ಬನೇ ದಿವಾನದ ಮೇಲೆ ಕೆಮ್ಮುತ್ತ ಮಲಗಿದವನಾಗುತ್ತಾನೆ. ಹಳದಿಗೆ ನಿಂತರೆ ಅವನು ನಿಜ ಹೇಳಿದ್ದ. ಆಟ ಎಂದು ನಟಿಸುತ್ತ ಬೆಳಿಗ್ಗೆ ಸಂಜೆ ಅವಳನ್ನೇ ಕಾಯುತ್ತಿದ್ದ. ಮುಳ್ಳನ್ನು ಬೆಳಕಿಗೆ ತಿರುಗಿಸಿಕೊಂಡದ್ದು ಅವಳಿಗೆ ಕಾಣದಿರಲೆಂದು. ಯಾವುದು ಬೇಕು ನಿನಗೆ ಎಂದು ಯಾರೋ ಕೇಳಿದಂತಾಯಿತು, ಉತ್ತರ ಎಷ್ಟು ಬೇಗ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಸತ್ತವನನ್ನು ಸತ್ಯವಂತನನ್ನಾಗಿ ಮಾಡುವುದು ಕಷ್ಟವೇನಿರಲಿಲ್ಲ. ಸ್ವಲ್ಪ ಮೆಲ್ಲಗೆ ಊದಿದರಾಯಿತು.

"ತುಂಬಾ ಉಸಿರು ತಗೊಳ್ಳಿ. ತುಟಿ ಬಿಗಿ. ಒಂದೇ ಸಲ, ಜೋರಾಗಿ. ಹ್ಞೂ, ಊದಿ!"

ಅವಳು ಊದಿದಳು, ಒಂದು ಪಾಲು ಒಳಗೇ ಉಳಿಸಿಕೊಂಡು. ಮುಳ್ಳು ಹಾರಿ ನಿಂತಿತು. ಹಳದಿ. ಕೆಳಗಿನ ಹಳದಿ. ಸಮಾಧಾನವೋ ಏನೋ, ಬೆಚ್ಚಗಿನದೊಂದು ಎದೆಯಲ್ಲಿ ಇಳಿಯಿತು.

ಊದಕ್ಕ ಮುಳ್ಳನ್ನು ನೋಡಲಿಲ್ಲ, ಅವಳ ಮುಖವನ್ನು ನೋಡಿದಳು. "ಪೂರ್ತಿ ಊದಲಿಲ್ಲ ನೀವು."

"ಊದಿದೆ."

"ನನ್ನ ಹತ್ರ ಬೇಡಮ್ಮ. ಇಪ್ಪತ್ತು ವರ್ಷದಿಂದ ಕೆನ್ನೆ ನೋಡ್ತಾ ಬಂದಿದೀನಿ. ಅವರಿಗೋಸ್ಕರ ಊದಬೇಡಿ, ನಿಮಗೋಸ್ಕರ ಊದಿ. ಇನ್ನೊಂದ್ಸಲ." ಮುಳ್ಳನ್ನು ಬೆರಳಿಂದ ಕೆಳಕ್ಕೆ ತಳ್ಳಿ ಕೊಟ್ಟಳು.

ಸಿಕ್ಕಿಬಿದ್ದವಳ ರೋಷ ಅವಳಿಗೆ ಬಂತು. ಅತ್ತೆಯ ಮೇಲೆ, ಮೀಸೆಯ ಮೇಲೆ, ಕೆಳಗೆ ಗುಂಯ್ಗುಡುವ ರಸ್ತೆಯ ಮೇಲೆ, ಒಂದು ಮಾತು ಹೇಳದೆ ಹೋದವನ ಮೇಲೆ. ಹೊಟ್ಟೆಯ ತಳದಿಂದ ಉಸಿರೆಳೆದುಕೊಂಡಳು, ಭುಜ ಮೇಲೆದ್ದಿತು, ಕಣ್ಣು ಮುಚ್ಚಿ, ಇದ್ದದ್ದನ್ನೆಲ್ಲ ಆ ಮೂತಿಯೊಳಗೆ ಚೆಲ್ಲಿಬಿಟ್ಟಳು. ಕೊನೆಯಲ್ಲಿ ಎದೆಯೊಳಗೆ ಎಲ್ಲೋ ಸಣ್ಣಗೆ ಸಿಳ್ಳೆ ಹೊಡೆದಂತಾಯಿತು. ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಊದಕ್ಕ ಬೆನ್ನ ಮೇಲೆ ಕೈ ಇಟ್ಟಿದ್ದಳು.

ಕಣ್ಣು ತೆರೆದಾಗ ಮುಳ್ಳು ಅದೇ ಜಾಗದಲ್ಲಿತ್ತು. ಒಂದು ಕೂದಲೆಳೆಯಷ್ಟು ಮೇಲೂ ಇಲ್ಲ. ತಾನು ಉಳಿಸಿಕೊಂಡಿದ್ದೆ ಅಂದುಕೊಂಡ ಪಾಲು ಅವಳಲ್ಲಿ ಇರಲೇ ಇಲ್ಲ.

ಊದಕ್ಕ ಕೊಳವೆಯನ್ನು ತಿರುಗಿಸಿ ಎಡಬದಿಯ, ಅವನ ಪಟ್ಟಿಯನ್ನು ನೋಡುತ್ತಿದ್ದಳು. "ನಿಮ್ಮದಂತೂ ನಿಜಾನೇ ಹೇಳಿದಾರೆ," ಎಂದಳು ನಿಧಾನವಾಗಿ. "ಹಾಗಾದ್ರೆ ಆ ಹಸಿರು ಯಾರದ್ದು? ಅವರು ಮೆಟ್ಟಿಲು ಹತ್ತಿ ಬಂದಾಗ ನಾನು ನೋಡಿದೀನಲ್ಲ. ಅವರದಂತೂ ಆಗಿರೋಕೆ ಸಾಧ್ಯ ಇಲ್ಲ."

ಆ ಮನೆಯಲ್ಲಿ ಹಸಿರು ಇರಲೇ ಇಲ್ಲ ಎಂಬುದು ಅವಳಿಗೆ ಈಗ ಅನುಮಾನವಾಗಿ ಉಳಿದಿರಲಿಲ್ಲ. ಅವನು ತನ್ನದರ ಬಗ್ಗೆ ಮಾತ್ರ ಸುಳ್ಳು ಹೇಳಿದ್ದ.

"ಹೆದರಬೇಡಿ, ಇದು ಶುರು. ಶುರುನಲ್ಲಿ ಸಿಕ್ಕಿದ್ದು ಒಳ್ಳೇದೇ. ಡಾಕ್ಟ್ರು ನೋಡಲಿ, ಔಷಧ ಇದೆ. ಸಿಗ್ನಲ್ ಕಡೆ ಕಿಟಕೀಲೇ ಕೂತು ಕೆಲಸ ಮಾಡ್ತಾಳೆ ಅಂತಿದ್ರು ಅವರು; ಮೇಜು ಆ ಕಿಟಕಿಯಿಂದ ಒಳಗೆ ತಗೊಳ್ಳಿ, ಆಗದಿದ್ರೆ ಮನೆ ಬದಲಾಯಿಸಿ." ಊದಕ್ಕ ಕೊಳವೆಯನ್ನು ಒರೆಸಿ ಅವಳ ಕಡೆಗೇ ಚಾಚಿದಳು. "ತಗೊಂಡು ಹೋಗಿ. ನಿಮಗೇ ಬೇಕಾಗುತ್ತೆ. ಬೆಳಿಗ್ಗೆ ಸಂಜೆ ಊದಿ ನನಗೆ ಫೋನ್ ಮಾಡಿ."

ಅವಳು ಅದನ್ನು ತೆಗೆದುಕೊಂಡಳು. ಎಡದ ಪಟ್ಟಿಯ ಹಳದಿಯ ಮೇಲೆ ಬೆರಳಾಡಿಸಿದಳು. ಅಲ್ಲಿ ಅಂಟು ಬಿಟ್ಟು ಅಂಚು ಸ್ವಲ್ಪ ಮಡಚಿಕೊಂಡಿತ್ತು, ಯಾರೋ ಉಗುರಿನಿಂದ ಮತ್ತೆ ಮತ್ತೆ ಕೆರೆದಂತೆ. ಆಮೇಲೆ ಕೊಳವೆಯನ್ನು ಮೇಜಿನ ಮೇಲೆ, ಊದಕ್ಕನ ಕೈಗೆ ಸಿಗುವಂತೆ ಇಟ್ಟಳು.

"ಇದು ಅವರು ತಗೊಂಡಿದ್ದು. ಕೊಟ್ಟಾಯ್ತು," ಎಂದಳು. "ನನ್ನ ಹೆಸರಿಗೆ ಬೇರೆದು ಕೊಡಿ."